ಪೋಲಿಷ್ ಪದ್ಯಕ್ಕೊಂದು ಮಂಗಳ

"ನಿಮ್ಮ ತಂದೆಯವರು ಇನ್ನೂ ಕಾರಲ್ಲೇ ಇದ್ದಾರಾ?" ಎಂದು ಕೇಳಿದವಳು ನಾನೇ, ಬಾಗಿಲು ಪೂರ್ತಿ ತೆಗೆಯುವ ಮೊದಲೇ.

ತಪ್ಪು ನನ್ನದಲ್ಲ. ಆ ವರ್ಷ, 2004ರಲ್ಲಿ, ಹ್ಯೂಸ್ಟನ್ ಕನ್ನಡಿಗರ ರಾಜ್ಯೋತ್ಸವಕ್ಕೆ ಗಮಕ ಇಡಲೇಬೇಕೆಂದು ಸ್ಟಾಫರ್ಡ್‌ನ ಗೋದಾವರಿ ಆಂಟಿ ಹಟ ಹಿಡಿದಿದ್ದರು. ಪದ್ಯವನ್ನು ರಾಗವಾಗಿ ವಾಚಿಸುವವಳು ನಾನು. ಮೈಸೂರಿನಲ್ಲಿ ಎಂಟು ವರ್ಷ ಕಲಿತವಳು, ಈಗ ಕ್ಲಿಯರ್ ಲೇಕ್‌ನಲ್ಲಿ ಇಂಜಿನಿಯರ್. ಪಕ್ಕದಲ್ಲಿ ಕುಳಿತು ಅರ್ಥ ಬಿಡಿಸಿ ಹೇಳಲು ಆಸ್ಟಿನ್‌ನಿಂದ ವ್ಯಾಖ್ಯಾನಕಾರರು ಬರುತ್ತಾರೆ ಎಂದಿದ್ದರು ಆಂಟಿ. ನಾನು ಕಂಡ ವ್ಯಾಖ್ಯಾನಕಾರರೆಲ್ಲ ಶಲ್ಯ ಹೊದ್ದು ಅರವತ್ತು ದಾಟಿದವರು. ಹಾಗಾಗಿ ಆಂಟಿಯ ಸೋಫಾದ ಮೇಲೆ ಬೆನ್ನಿಗೊಂದು ದಿಂಬನ್ನೂ ಇಟ್ಟು ಕಾಯುತ್ತಿದ್ದೆ.

ಬಾಗಿಲಲ್ಲಿದ್ದವನಿಗೆ ಮೂವತ್ತೆರಡೋ ಮೂವತ್ತಮೂರೋ. ನೀಲಿ ಶರ್ಟಿನ ತೋಳು ಮಡಚಿದ್ದ, ಕೈಯಲ್ಲೊಂದು ಬೇಕರಿಯ ಡಬ್ಬ ಹಿಡಿದಿದ್ದ.

"ತಂದೆಯವರು ಧಾರವಾಡದಾಗ ಅದಾರ್ರಿ," ಎಂದ. ತುಟಿ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು. "ಫೋನ್ ಹಚ್ಚಿ ಕರಸ್ಲೇನ್ರಿ?"

ನನ್ನ ಕಿವಿ ಬಿಸಿಯಾಯಿತು. ಆದರೆ ಸೋತು ಸುಮ್ಮನಾಗುವ ಜಾತಿಯಲ್ಲ ನಾನು. "ಸದ್ಯಕ್ಕೆ ಬೇಡ. ಅವರಿಗೆ ಅಂತ ಇಟ್ಟ ದಿಂಬು ನೀವೇ ತಗೊಳ್ಳಿ," ಎಂದೆ.

ಅವನ ಹೆಸರು ಕೃಷ್ಣಚೈತನ್ಯ. ಪೋಲೆಂಡಿನ ಕ್ರಾಕೋವ್‌ನಲ್ಲಿ ಆರು ವರ್ಷ ಗಣಿತ ಓದಿ, ಅಲ್ಲಿಂದ ಆಸ್ಟಿನ್‌ನ ಚಿಪ್ ಕಂಪನಿಗೆ ಬಂದವನು. ಕ್ರಾಕೋವ್‌ನಲ್ಲಿ ಅವನು ಬಾಡಿಗೆಗಿದ್ದ ಮನೆಯ ಮುದುಕಿ ಸೂಪು ಬಡಿಸುವ ಮೊದಲು ಅವನಿಂದ ಒಂದು ಪದ್ಯ ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದಳಂತೆ. ಹಾಗೆ ಕಲಿತದ್ದರಲ್ಲಿ ನೂರೈವತ್ತು ವರ್ಷ ಹಳೆಯ ಒಂದನ್ನು, ಗಮಕಕ್ಕೆ ಒಗ್ಗುವ ನಡೆಯಲ್ಲಿ ಕನ್ನಡಕ್ಕೆ ತಂದಿದ್ದ.

ಕಥೆ ಸಣ್ಣದು. ನದಿ ದಡದ ಒಬ್ಬ ಹುಡುಗಿ, ದೋಣಿ ಹತ್ತಿ ಯುದ್ಧಕ್ಕೆ ಹೊರಟ ಒಬ್ಬ ಹುಡುಗ. ಕೊನೆಯ ಸಾಲು ಹೀಗೆ: ಕರೆಯಲಿಲ್ಲ ಅವಳು, ತಿರುಗಲಿಲ್ಲ ಅವನು.

ಶನಿವಾರ ಶನಿವಾರ ಮೂರು ಗಂಟೆ ಡ್ರೈವ್ ಮಾಡಿ ಬರುತ್ತಿದ್ದ. ದಾರಿಯಲ್ಲಿ ಲಾ ಗ್ರೇಂಜ್‌ನಲ್ಲಿ ನಿಲ್ಲಿಸಿ ಕೊಲಾಚಿ ತರುತ್ತಿದ್ದ, ನಡುವೆ ಹಣ್ಣಿನ ಪಾಕ ತುಂಬಿದ ಮೆತ್ತನೆ ಬನ್ನು. ಮೊದಲು ಅವನು ಪೋಲಿಷ್‌ನಲ್ಲಿ ಹೇಳಬೇಕು, ಆಮೇಲೆ ನಾನು ಕನ್ನಡದಲ್ಲಿ ವಾಚಿಸಬೇಕು, ಕೊನೆಗೆ ಅವನ ವ್ಯಾಖ್ಯಾನ. ಪೋಲಿಷ್ ಕೇಳಲು ಸಾಸಿವೆ ಒಗ್ಗರಣೆಯ ಹಾಗಿತ್ತು, ಬರೀ ಚುಯ್, ಚಟಪಟ. ಎರಡನೇ ವಾರಕ್ಕೆ ಆ ಸದ್ದು ಕೇಳದಿದ್ದರೆ ನನ್ನ ಶನಿವಾರ ಶುರುವೇ ಆಗುತ್ತಿರಲಿಲ್ಲ.

ಹುಡುಗಿಯ ಕಣ್ಣಿನ ವರ್ಣನೆ ಬಂದಾಗಲೆಲ್ಲ ಅವನು ನನ್ನತ್ತ ತಿರುಗಿ ಅರ್ಥ ಹೇಳುತ್ತಿದ್ದ.

"ಸಭೆ ಆ ಕಡೆ," ಎಂದು ಗೋದಾವರಿ ಆಂಟಿ ಕುಳಿತ ಕುರ್ಚಿಯನ್ನು ತೋರಿಸಿದೆ.

"ಹೌದ್ರಿ. ಆದ್ರ ಉದಾಹರಣೆ ಈ ಕಡೆ ಅದ."

ಆಂಟಿಗೆ ಆ ಕ್ಷಣವೇ ಅಡುಗೆಮನೆಯಲ್ಲಿ ಕೆಲಸ ನೆನಪಾಯಿತು.

ಜಗಳವಾದದ್ದು ಮಂಗಳಕ್ಕೆ. ಗಮಕವನ್ನು ಅಳುವಿನಲ್ಲಿ ಬಿಟ್ಟು ಎದ್ದು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಎಂಥ ದುಃಖದ ಕಥೆಯಿದ್ದರೂ ಕೊನೆಗೆ ಮಂಗಳ ಹಾಡಿಯೇ ಏಳಬೇಕು. ಮಧ್ಯಮಾವತಿ ರಾಗದಲ್ಲಿ ಒಂದು ತಯಾರು ಮಾಡಿಕೊಂಡು ಬಂದಿದ್ದೆ.

"ಆಗೂದಿಲ್ರಿ," ಎಂದ. "ಅವರಿಬ್ಬರೂ ಕೂಡಲಿಲ್ಲ. ಕವಿ ಮುಗಿಸಿದ ಮ್ಯಾಲೆ ನಾವು ಬಾಲ ಹಚ್ಚಬಾರದು. ಒಂದಕ್ಷರಾನೂ ಬದಲಿಸೂದಿಲ್ಲ ಅಂತ ಆ ಅಜ್ಜಿಗೆ ಮಾತು ಕೊಟ್ಟೇನಿ."

"ಅಜ್ಜಿ ಕ್ರಾಕೋವ್‌ನಲ್ಲಿದ್ದಾರೆ. ಸ್ಟಾಫರ್ಡ್‌ನಲ್ಲಿ ಹಾಡೋಳು ನಾನು."

ಮೂರು ವಾರ ವಾದಿಸಿದೆವು. ಕೊನೆಗೆ ಅವನೇ ಗೆದ್ದ. ಗೆಲ್ಲಲು ಬಿಟ್ಟೆ ಎಂದರೂ ಸರಿ.

ಕಾರ್ಯಕ್ರಮಕ್ಕೆ ಒಂದು ವಾರವಿದ್ದಾಗ ಅವನು ಬಂದವನೇ ಜೇಬಿನಿಂದ ಕಾಗದ ತೆಗೆದ. ಕ್ರಾಕೋವ್‌ನಲ್ಲಿ ಪಾಠ ಹೇಳುವ ಕೆಲಸಕ್ಕೆ ಕರೆದಿದ್ದರು. ಕಾರ್ಯಕ್ರಮದ ನಂತರದ ಸೋಮವಾರದೊಳಗೆ ಉತ್ತರ ಬರೆಯಬೇಕು.

"ಇಲ್ಲಿ ಕೆಲಸಾನೂ ಛಲೋನೇ ಅದ," ಎಂದು ಕಾಗದ ಮಡಚಿದ. ಮತ್ತೆ ಬಿಚ್ಚಿದ. "ನೀವೇನಂತೀರಿ, ಹರ್ಷಿಣಿ?"

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹೋಗಬೇಡಿ ಎನ್ನಬೇಕಿತ್ತು. ನನಗೆ ಅವನು ಬೇಕಾಗಿದ್ದ, ಸುತ್ತಿ ಬಳಸಿ ಹೇಳುವುದೇನಿದೆ! ಆದರೆ ಹುಟ್ಟಿದಾಗಿನಿಂದ ಯಾರನ್ನೂ ನಿಲ್ಲಿ ಎಂದು ಕೇಳಿದವಳಲ್ಲ ನಾನು. ಬೇಕಾದವರು ತಾವೇ ನಿಲ್ಲುತ್ತಾರೆ ಎಂಬ ಹಮ್ಮು.

"ಒಳ್ಳೇ ಅವಕಾಶ. ಹೋಗಿ ಬನ್ನಿ," ಎಂದೆ.

ಅವನು ಕಾಗದವನ್ನು ಜೇಬಿಗೆ ಹಾಕಿಕೊಂಡ. ಆ ದಿನ ಕಣ್ಣಿನ ಪದ್ಯದ ವ್ಯಾಖ್ಯಾನವನ್ನು ಆಂಟಿಯ ಕುರ್ಚಿ ನೋಡಿಕೊಂಡೇ ಮುಗಿಸಿದ. ಅವನ ಕಾರು ಹೋದ ಮೇಲೆ ನಾನು ಆಂಟಿಯ ಬಚ್ಚಲುಮನೆಯ ನಲ್ಲಿ ತಿರುಗಿಸಿಟ್ಟು ಅತ್ತೆ.

ಕಾರ್ಯಕ್ರಮದ ದಿನ ಹಾಲ್‌ನಲ್ಲಿ ಇನ್ನೂರು ಜನ. ಹೊರಗೆ ಬಿಸಿಬೇಳೆಬಾತ್ ಘಮಘಮಿಸುತ್ತಿದ್ದರೂ ಯಾರೂ ಏಳಲಿಲ್ಲ. ನನ್ನ ದನಿ ಅಂದು ಹೇಳಿದಂತೆ ಕೇಳುತ್ತಿತ್ತು, ಅವನ ಮಾತೂ ಅಷ್ಟೇ. ನಾನು ಸಾಲು ಬಿಟ್ಟಲ್ಲಿ ಅವನು ಎತ್ತಿಕೊಳ್ಳುತ್ತಿದ್ದ, ಅವನು ನಿಲ್ಲಿಸಿದಲ್ಲಿ ನಾನು ಹಿಡಿಯುತ್ತಿದ್ದೆ. ನೋಡಿದವರಿಗೆ ಹತ್ತು ವರ್ಷದ ಜೋಡಿ ಎನಿಸಿರಬೇಕು.

ಕೊನೆಯ ಸಾಲು ವಾಚಿಸಿದೆ. ಕರೆಯಲಿಲ್ಲ ಅವಳು, ತಿರುಗಲಿಲ್ಲ ಅವನು.

ಅವನು ಮೈಕ್ ಹತ್ತಿರ ಎಳೆದುಕೊಂಡ. "ಹುಡುಗ ಯಾಕ ತಿರುಗಲಿಲ್ಲ ಅಂತ ಎಲ್ಲಾರೂ ಕೇಳ್ತಾರ. ನನಗ ತಿಳೀದದ್ದು ಬ್ಯಾರೇನೇ ಅದ. ಹುಡುಗಿ ಯಾಕ ಕರೀಲಿಲ್ಲ? ದೋಣಿ ಇನ್ನೂ ದಡದಾಗಿತ್ತು. ಒಂದು ಸರ್ತಿ ಕರದಿದ್ದರ..."

ಅಭ್ಯಾಸದಲ್ಲಿ ಇಷ್ಟನ್ನು ಅವನು ಹೇಳಿರಲೇ ಇಲ್ಲ.

ವ್ಯಾಖ್ಯಾನದ ನಡುವೆ ವಾಚಿಸುವವರು ಮಾತಾಡುವಂತಿಲ್ಲ. ಬೇಕಾದರೆ ಸಾಲನ್ನು ಇನ್ನೊಮ್ಮೆ ಹಾಡಬಹುದು. ನಾನು ಹಾಡಿದೆ.

"ಕರೆದಳು ಅವಳು..."

ಅಷ್ಟಕ್ಕೇ ನಿಲ್ಲಿಸಿದೆ. ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೋದಾವರಿ ಆಂಟಿ ಗಡಿಬಿಡಿಯಿಂದ ಕೈಯಲ್ಲಿದ್ದ ಪದ್ಯದ ಪ್ರತಿ ತಿರುವಿ ನೋಡಿದರು. ಅದರಲ್ಲಿ ಇದ್ದರೆ ತಾನೆ! ಶ್ರುತಿಪೆಟ್ಟಿಗೆ ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ಒಂದಕ್ಷರ ಬದಲಿಸದವನ ಮುಂದೆ ಇಡೀ ಕಥೆಯನ್ನೇ ಬದಲಿಸಿ ಕುಳಿತಿದ್ದೆ, ಅದೂ ಇನ್ನೂರು ಜನರ ಎದುರು. ಆದರೂ ತಲೆ ತಗ್ಗಿಸಲಿಲ್ಲ.

ಅವನು ಕಾಗದಗಳನ್ನು ಪಕ್ಕಕ್ಕಿಟ್ಟ. ಸಭೆಗೆ ಬೆನ್ನು ಮಾಡಿ, ಪೂರ್ತಿ ನನ್ನತ್ತ ತಿರುಗಿ ಕುಳಿತ.

"ತಿರುಗಿದನು ಅವನು," ಎಂದ. ಮೈಕ್ ಹಿಂದೆ ಉಳಿದಿದ್ದರಿಂದ ಅದು ಕೇಳಿಸಿದ್ದು ನನಗೊಬ್ಬಳಿಗೇ.

"ಮತ್ತೆ ಅಜ್ಜಿಗೆ ಕೊಟ್ಟ ಮಾತು?" ಪಿಸುಗುಟ್ಟಿದೆ.

"ಸೋಮವಾರ ಕಾಗದ ಬರೀಬೇಕಲ್ರಿ. ಬರೂದಿಲ್ಲ ಅಂತ ಒಂದು, ತಪ್ಪಾತು ಅಂತ ಇನ್ನೊಂದು. ಈಗ ಮಂಗಳ ಹಾಡ್ರಿ."

ಮಧ್ಯಮಾವತಿಯನ್ನು ಅಷ್ಟು ಗಟ್ಟಿಯಾಗಿ ನಾನು ಎಂದೂ ಹಾಡಿರಲಿಲ್ಲ. ಚಪ್ಪಾಳೆಯ ನಡುವೆ ಅವನು ಎದ್ದು ಕೈ ಚಾಚಿದ. ಆ ಕೈ ಹಿಡಿದೇ ಎದ್ದೆ, ಎದ್ದ ಮೇಲೂ ಬಿಡಲಿಲ್ಲ.

"ಅವತ್ತು ಬಾಗಿಲಲ್ಲಿ ಒಂದು ಮಾತು ಕೇಳಿದ್ರಿ," ಎಂದೆ. "ಈಗ ಹೇಳ್ತೀನಿ. ಧಾರವಾಡಕ್ಕೆ ಫೋನ್ ಹಚ್ಚಿ, ತಂದೆಯವರನ್ನ ಕರೆಸಿ."