ಅರಸನ ಹೆಸರಿಲ್ಲದ ಡಂಗುರ

ಬಹಳ ಕಾಲದ ಹಿಂದೆ, ಹಕ್ಕಿಗಳಿಗೆ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ, ಜೋಡಿದಡ ಎಂಬ ರಾಜ್ಯವಿತ್ತು. ನಡುವೆ ಒಂದೇ ಹೊಳೆ. ಹಳೆಯ ಅರಸ ತೀರಿಕೊಂಡಾಗ ಈಚೆ ದಡದವರು ಹಿರಿಯ ಮಗ ಮಲ್ಲದೇವನ ಪಕ್ಷ ಹಿಡಿದರು, ಆಚೆ ದಡದವರು ಕಿರಿಯ ಮಗನ ಪಕ್ಷ ಹಿಡಿದರು. ಯುದ್ಧವಾಯಿತು, ಕಿರಿಯವನು ಸತ್ತ, ಮಲ್ಲದೇವ ಪಟ್ಟವೇರಿದ. ಸಿಂಹಾಸನ ಒಂದಾಯಿತು, ಮನಸ್ಸು ಎರಡಾಗಿಯೇ ಉಳಿಯಿತು.

ಊರು ಒಡೆದಲ್ಲಿ ಮಾಂತ್ರಿಕನಿಗೆ ಹಬ್ಬ. ಧೂಮಕೇಶಿ ಎಂಬ ಮಾಂತ್ರಿಕ ಹೊಳೆಗೆ ಒಂದು ಕಲ್ಲುಮೊಸಳೆಯನ್ನು ಬಿಟ್ಟ. ಅದು ಮಿಂದ ನೀರು ಕುಡಿದವರು ಕಾಲ್ಬೆರಳಿನಿಂದ ಮೇಲಕ್ಕೆ ಕಲ್ಲಾಗತೊಡಗಿದರು. ಜೊತೆಗೆ ಒಂದು ಗೊರವಂಕವನ್ನೂ ಹಾರಿಬಿಟ್ಟ. ಅದಕ್ಕೆ ಬರುತ್ತಿದ್ದುದು ಒಂದೇ ಮಾತು: "ಯಾರ ಅಪ್ಪಣೆ?"

ಅರಮನೆಯ ವೈದ್ಯ ಮದ್ದು ಕಂಡುಹಿಡಿದ. ಮೂರು ದಿನ ಎಲ್ಲರೂ ಬೇವಿನೆಲೆ ಹಾಕಿ ಕುದಿಸಿದ ನೀರನ್ನೇ ಕುಡಿಯಬೇಕು. ಎರಡೂ ದಡಗಳಲ್ಲಿ ಒಂದು ಮನೆ ತಪ್ಪಿದರೂ ಮೊಸಳೆ ಸಾಯುವುದಿಲ್ಲ.

ಅದನ್ನು ಸಾರುವ ಕೆಲಸ ಸಿರಿಯವ್ವನದು. ಗಂಡ ಸತ್ತ ಮೇಲೆ ಅವನ ಡಂಗುರದ ಹಲಗೆಯನ್ನು ಹೆಗಲಿಗೆ ಹಾಕಿಕೊಂಡವಳು ಅವಳು. ಅವಳ ಒಬ್ಬಳೇ ಮಗಳು ನೀಲವ್ವನನ್ನು ಯುದ್ಧಕ್ಕೆ ಮೊದಲೇ ಆಚೆ ದಡದ ಸಂಗನಗೌಡನ ಎರಡನೆಯ ಮಗನಿಗೆ ಕೊಟ್ಟಿತ್ತು. ನೀಲವ್ವ ತುಂಬು ಬಸುರಿ, ಅವಳ ಪಾದಗಳು ಆಗಲೇ ಕಲ್ಲಾಗಿದ್ದವು.

ಡಂಗುರಕ್ಕೊಂದು ಕಟ್ಟಳೆ ಇತ್ತು. ಮೊದಲು ಅರಸನ ಬಿರುದು, ಆಮೇಲೆ ಸುದ್ದಿ. ಬಿರುದು ಬಿಟ್ಟರೆ ನಾಲಿಗೆ ಕತ್ತರಿಸುತ್ತಿದ್ದರು.

ಸಿರಿಯವ್ವ ದೋಣಿ ದಾಟಿ ಹಲಗೆ ಬಾರಿಸಿದಳು. "ಕೇಳ್ರಪ್ಪೋ ಕೇಳ್ರಿ. ಆಚೆ ದಡದ ಸೊಕ್ಕು ಮುರಿದ ಮಲ್ಲದೇವ ಮಹಾರಾಜರ ಅಪ್ಪಣೆ—"

"ಯಾರ ಅಪ್ಪಣೆ? ಯಾರ ಅಪ್ಪಣೆ?" ಎಂದು ಗೊರವಂಕ ಸೂರಿನಿಂದ ಸೂರಿಗೆ ಹಾರಿತು. ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಬೇವಿನೆಲೆಯ ಮಾತು ಬರುವಷ್ಟರಲ್ಲಿ ಬೀದಿಯಲ್ಲಿ ಕೇಳುವವರೇ ಇರಲಿಲ್ಲ.

ಅರಸನಿಗೆ ಸಿಟ್ಟು ಬಂತು. ನೀರು ಕುದಿಸದವರ ಮನೆ ಸುಡುತ್ತೇನೆಂದು ಸಾರಲು ಹೇಳಿದ. ಎರಡನೆಯ ಸಲ ಸಿರಿಯವ್ವ ಅದನ್ನೂ ಸಾರಿದಳು. ಈ ಸಲ ಜನ ಬಾಗಿಲು ಮುಚ್ಚಲಿಲ್ಲ. ಹೊಳೆಗೆ ಹೋಗಿ, ಅವಳ ಕಣ್ಣೆದುರೇ ಬೊಗಸೆ ಬೊಗಸೆ ಹಸಿ ನೀರು ಕುಡಿದರು. ಹೆದರಿಸಿದರೆ ಹೆದರುವ ಜನವಲ್ಲ ನಾವು ಎಂದು ತೋರಿಸಬೇಕಿತ್ತು ಅವರಿಗೆ. ಆ ಸಂಜೆ ಹನ್ನೊಂದು ಮಂದಿ ಸೊಂಟದವರೆಗೆ ಕಲ್ಲಾದರು. ನೀಲವ್ವನ ಮೊಣಕಾಲು ಕಲ್ಲಾಯಿತು.

ಸಿರಿಯವ್ವ ಬೀಗರ ಮನೆಯ ಜಗುಲಿಯ ಮೇಲೆ ಕುಸಿದಳು. ಸಂಗನಗೌಡ ಊರಿಗೆ ಹಿರಿಯ, ಹಿರಿಮಗನನ್ನು ಯುದ್ಧದಲ್ಲಿ ಕಳೆದುಕೊಂಡವನು.

"ನನ್ನ ಮಗನ್ನ ಕೊಂದಾವನ ಮಾತಿಗೆ ನಾ ಒಲಿ ಹಚ್ಚಬೇಕೇನು, ಬೀಗತಿ?" ಎಂದ ಅವನು.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಸಿರಿಯವ್ವನನ್ನು ಸುಟ್ಟಿತು.

ಮರುದಿನ ಬೆಳಗ್ಗೆ ನೀಲವ್ವನಿಗೆ ನೋವು ಶುರುವಾಯಿತು. ಸೂಲಗಿತ್ತಿ ಹಾಲವ್ವ ಬಂದು ನೋಡಿ, "ಗೌಡ್ರ, ಹೆರಿಗಿ ಒಲಿ ಕೇಳಾಕ ಕೊಡ ಕೊಡ್ರಿ" ಅಂದಳು. ಆಚೆ ದಡದ ಪದ್ಧತಿ ಅದು. ಯಾರ ಮನೆಯಲ್ಲಿ ಹೆರಿಗೆಯಾದರೂ ಖಾಲಿ ಕೊಡ ಹಿಡಿದು ಮನೆಮನೆಗೆ ಹೋಗುವುದು. ಮೂರು ದಿನ ಎಲ್ಲ ಮನೆಗಳೂ ಒಲೆ ಆರಿಸದೆ ನೀರು ಕಾಯಿಸಿ, ಬಾಣಂತಿಗೆ ಒಂದೊಂದು ತಂಬಿಗೆ ಕಳಿಸುವುದು. ಹಗೆಯ ಮನೆಗೂ ಇಲ್ಲ ಎನ್ನುವಂತಿಲ್ಲ.

ಸಿರಿಯವ್ವ ಎದ್ದು ನಿಂತಳು. ಹೆಗಲಿನ ಹಲಗೆಯನ್ನು ಕಳಚಿ ಗೋಡೆಗೆ ಒರಗಿಸಿದಳು.

"ಬೀಗರ, ಆ ನೀರಿಗೆ ನಾಕು ಬೇವಿನೆಲಿ ಹಾಕಿ, ಮನ್ಯಾಗಿನವರೂ ಅದನ್ನ ಕುಡೀಲಿ ಅಂತ ಕೇಳ್ರಿ."

"ಅದು ಮಲ್ಲದೇವನ ಮದ್ದು."

"ಹೌದು, ಅವನ ವೈದ್ಯನ ಮದ್ದೇ. ನಾ ಸುಳ್ಳು ಹೇಳಂಗಿಲ್ಲ. ಆದ್ರ ಅವನ ಸಲುವಾಗಿ ನಾ ಕೇಳಾಕತ್ತಿಲ್ಲ. ಒಳಗ ನಿಮ್ಮ ಮೊಮ್ಮಗು ಐತಿ. ನಾ ಕೇಳಿದ್ರ ಬಾಗಿಲಾ ಹಾಕ್ತಾರ. ನೀವು ಕೇಳ್ರಿ."

ಒಳಗಿನಿಂದ ನೀಲವ್ವನ ನರಳಾಟ ಕೇಳುತ್ತಿತ್ತು. ಗೌಡ ಚಪ್ಪಲಿ ಬಿಟ್ಟು, ಕೊಡವನ್ನು ತಾನೇ ಎತ್ತಿಕೊಂಡ. ಊರ ಹಿರಿಯ ಬರಿಗಾಲಲ್ಲಿ ಬೇಡಲು ಹೊರಟದ್ದನ್ನು ಆ ದಡ ಎಂದೂ ಕಂಡಿರಲಿಲ್ಲ.

ಮೊದಲ ಮನೆಯ ಸೂರಿನಲ್ಲಿ ಗೊರವಂಕ ಕೂತಿತ್ತು. "ಯಾರ ಅಪ್ಪಣೆ?"

"ಅಪ್ಪಣಿ ಅಲ್ಲ," ಎಂದ ಗೌಡ. "ನಾ ಬೇಡಾಕ ಬಂದೀನಿ."

ಹಕ್ಕಿ ಕೊಕ್ಕು ತೆರೆಯಿತು, ಸ್ವರ ಬರಲಿಲ್ಲ. ಕೊನೆಯ ಮನೆ ಮುಗಿಯುವಷ್ಟರಲ್ಲಿ ಅದು ಒಂದು ಹಿಡಿ ಬೂದಿಯಾಗಿ ಉದುರಿತು.

ಈಚೆ ದಡದ ಒಲೆಗಳು ಆಗಲೇ ಉರಿಯುತ್ತಿದ್ದವು, ಇನ್ನು ಮೂರು ದಿನ ಎರಡೂ ದಡಗಳಿಂದ ಹೊಗೆ ಎದ್ದಿತು. ಮೂರನೆಯ ದಿನ ಕಲ್ಲುಮೊಸಳೆ ಒಡೆದು ಮರಳಾಯಿತು, ಅದರ ಜೊತೆಗೇ ಧೂಮಕೇಶಿಯೂ ಗಾಳಿಗೆ ಚದುರಿಹೋದ. ಕಲ್ಲಾದ ಕಾಲುಗಳಲ್ಲಿ ರಕ್ತ ಹರಿಯಿತು. ಅಷ್ಟರಲ್ಲಿ ಎದೆಯವರೆಗೆ ಕಲ್ಲಾಗಿದ್ದ ನಾಲ್ವರು ಮಾತ್ರ ಹಿಂತಿರುಗಲಿಲ್ಲ. ನೀಲವ್ವ ಮೊದಲ ದಿನವೇ ಹೆಣ್ಣು ಹೆತ್ತಿದ್ದಳು.

ಅರಸ ಸಿರಿಯವ್ವನನ್ನು ಕರೆಸಿದ. ಕತ್ತರಿ ಹಿಡಿದ ಭಟ ಪಕ್ಕದಲ್ಲೇ ನಿಂತಿದ್ದ.

"ನನ್ನ ಹೆಸರು ಯಾಕೆ ಬಿಟ್ಟೆ?"

"ನಿಮ್ಮ ಹೆಸರು ಉಳಿಸಿದ್ರ ನಿಮ್ಮ ಪ್ರಜೆಗಳು ಉಳೀತಿರಲಿಲ್ಲ, ದೊರೆ. ಎರಡು ಸಲ ಉಳಿಸಿ ನೋಡಿದೆ. ಇನ್ನು ನಾಲಿಗಿ ನಿಮ್ಮದು."

ಮಲ್ಲದೇವ ತಲೆ ತಗ್ಗಿಸಿ ಕೂತ. ಸತ್ತ ನಾಲ್ವರ ಹೆಸರು ಕೇಳಿದ. ಭಟನನ್ನು ಹೊರಗೆ ಕಳಿಸಿದ. ಮರುದಿನ ಛತ್ರ ಚಾಮರಗಳಿಲ್ಲದೆ ದೋಣಿ ದಾಟಿ, ಸಂಗನಗೌಡನ ಬಾಗಿಲಲ್ಲಿ ನಿಂತು, "ಬಾಯಾರಿದೆ" ಎಂದ.

ಗೌಡ ಕ್ಷಮಿಸಿದ ಎಂದು ನಾನು ಹೇಳಲಾರೆ. ಒಳಗೆ ಹೋದ, ಒಂದು ತಂಬಿಗೆ ನೀರು ತಂದ, ಕೊಟ್ಟ. ನೀರು ಇನ್ನೂ ಬಿಸಿಯಿತ್ತು.

ಅಂದಿನಿಂದ ಜೋಡಿದಡದ ಜನ ಸುಖವಾಗಿದ್ದರು. ಜಗಳ ಬಿಟ್ಟರೆಂದಲ್ಲ, ನೀರು ಕುದಿಸಿ ಕುಡಿದೇ ಜಗಳವಾಡಿದರು.