ಕೆರೆಯ ತಳದ ನೀಲಿ

ನಾಜಮೀನ್ ಅಣ್ಣಿಗೇರಿಯ ಆ ಮನೆಗೆ ಬಂದಾಗ ಶಾರದವ್ವ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿ ಕೂಡಲಿಲ್ಲ, ನೀರೂ ಬೇಡವೆಂದಳು.

“ಅಕ್ಕಾರ, ನಮ್ಮೂರ ಕೆರ್ಯಾಗ ಅಬ್ಬಾನ ಎಲುಬು ಸಿಕ್ಕಾವ್ರಿ. ಎಲ್ಲಾ ನೀಲಿಗಟ್ಟ್ಯಾವ. ಇಸಾ ಹಾಕ್ಯಾಳ ಅಂತ ಅಮ್ಮಾನ್ನ ಪೊಲೀಸ್ರು ಒಯ್ದಾರ್ರಿ.”

ಅಕ್ಕಾರು ಎಂದರೆ ಶಾರದವ್ವನ ನಾದಿನಿ ಮಹಾನಂದಾ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸುತ್ತಲ ಹಳ್ಳಿಗಳ ಬಿಡಿಸಲಾಗದ ಗಂಟುಗಳೆಲ್ಲ ಆಕೆಯ ಬಾಗಿಲಿಗೇ ಬರುತ್ತಿದ್ದವು. “ವೈನಿ, ಹೋಗೂಣು,” ಎಂದಳು ಮಹಾನಂದಾ. ಶಾರದವ್ವ ಗೊಣಗುತ್ತ ಒಲೆ ಆರಿಸಿದಳು. ಗೊಣಗದೆ ಆಕೆ ಎಲ್ಲಿಗೂ ಹೊರಟವಳಲ್ಲ, ನಾದಿನಿಯನ್ನು ಒಬ್ಬಳನ್ನೇ ಕಳಿಸಿದವಳೂ ಅಲ್ಲ.

ನಾಜಮೀನಳ ತಂದೆ ಮಾಬುಸಾಬ ಊರಿನ ಕುಡಿಯುವ ನೀರಿನ ಕೆರೆ ಕಾಯುತ್ತಿದ್ದ. ವರ್ಷಗಳ ಹಿಂದೆ ಕಾಣೆಯಾದ. ಯಾವಳನ್ನೋ ಕಟ್ಟಿಕೊಂಡು ಗೋವಾಕ್ಕೆ ಹೋದನೆಂದು ಕೆರೆ ಸಮಿತಿಯ ಹಿರಿಯ ಶಂಕ್ರಪ್ಪ ಹೇಳಿದ, ಊರು ನಂಬಿತು. ಹೆಂಡತಿ ಖಾದರಬಿ ಮಾತ್ರ ನಂಬಿರಲಿಲ್ಲ.

ಆ ಸೀಮೆಯಲ್ಲಿ ಬೋರಿನ ನೀರು ಸವಳು, ಬಾಯಿಗೆ ಹಾಕುವಂತಿಲ್ಲ. ಕೆರೆಯೇ ಗತಿ. ಸುತ್ತ ತಂತಿಬೇಲಿ, ಒಳಗೆ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಹೂಳು ತೆಗೆಯಲು ಈ ಬೇಸಿಗೆ ಕೆರೆ ಬರಿದು ಮಾಡಿದ್ದರೂ ಶಾರದವ್ವ ಗೇಟಿನಲ್ಲೇ ಚಪ್ಪಲಿ ಬಿಟ್ಟಳು.

ಜೆಸಿಬಿ ನಡೆಸುವ ಫಕೀರೇಶ ಕಂಡದ್ದನ್ನು ಹೇಳಿದ. “ತಲಿ, ಎದಿಗೂಡು ಮಣ್ಣಾಗಿಂದ ಬರೂಮುಂದನ ನೀಲಿ ಇದ್ದೂರಿ. ಕಾಲಿನ ಎಲುಬು ಬೆಳ್ಳಗ ಬಂದೂ. ಬಿಸಲಿಗೆ ಇಟ್ಟ ಮ್ಯಾಲ ಅವೂ ನೀಲಿ ಆದೂ.”

ಆ ಕಾಲಿನಲ್ಲಿ ಹಳೆಯ ಆಪರೇಶನ್ನಿನ ಸ್ಟೀಲ್ ಪಟ್ಟಿ ಇತ್ತು. ಖಾದರಬಿ ಗಂಡನನ್ನು ಗುರುತಿಸಿದ್ದು ಅದರಿಂದಲೇ. ಪಿಎಸ್‌ಐ ಈರೇಶ ತಾಡಪತ್ರಿಯ ಮೇಲಿಟ್ಟ ಎಲುಬು ತೋರಿಸಿದ. ಪಕ್ಕೆಲುಬಿನ ಮೇಲೆ ದುಂಡಗೆ ತುಕ್ಕಿನ ಗುರುತಿತ್ತು.

“ಕಬ್ಬಿಣ ಏನರ ಸಿಕ್ತೇನ್ರಿ?” ಎಂದಳು ಮಹಾನಂದಾ.

“ಏನೂ ಇಲ್ರಿ.”

ಮಹಾನಂದಾ ಎಲುಬು ಸಿಕ್ಕ ಕುಣಿಯ ಆಳದಿಂದ ಬಿಳಿ ಚುಕ್ಕೆಯ ಹೂಳನ್ನು ಎರಡು ಉಂಡೆ ತೆಗೆದಳು. ಒಂದನ್ನು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಇನ್ನೊಂದನ್ನು ಬಿಸಿಲಿಗಿಟ್ಟಳು.

ಶಂಕ್ರಪ್ಪ ಇಬ್ಬರನ್ನೂ ಮನೆಗೆ ಕರೆದು ಚಹಾ ಕೊಟ್ಟು ಉಪಚರಿಸಿದ. ಕೆರೆ ಬರಿದಾದಾಗಿನಿಂದ ಗೇಟಿನ ಕೀಲಿ ಯಾರ ಹತ್ತಿರ ಎಂದು ಕೇಳಿದರೆ, ತನ್ನ ಹತ್ತಿರವೇ ಎಂದ. ಅಂಗಳದ ಹಗ್ಗದ ಮೇಲೆ ಅವನ ಬಿಳಿ ಧೋತರ ಒಣಗುತ್ತಿತ್ತು, ಮೊಣಕಾಲಿನ ಹತ್ತಿರ ಎರಡು ನೀಲಿ ಕಲೆ. ಶಾರದವ್ವನ ಕಣ್ಣು ಅಲ್ಲೇ ನಿಂತದ್ದು ಕಂಡು ಅವನು ನಕ್ಕ. “ಅಗಸ್ಯಾ ನೀಲಿ ಜಾಸ್ತಿ ಹಾಕ್ಯಾನ್ರಿ.”

ಜೀವಮಾನವೆಲ್ಲ ಬಿಳಿ ಬಟ್ಟೆ ಒಗೆದ ಶಾರದವ್ವನಿಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ನೀಲಿ ಹೆಚ್ಚಾದರೆ ಬಟ್ಟೆಯೆಲ್ಲ ಬಣ್ಣಗೆಡುತ್ತದೆ, ಮೊಣಕಾಲನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಹೊರಗೆ ಬಂದು ನಾದಿನಿಗೆ ಹಾಗೇ ಹೇಳಿದಳು. ಮಹಾನಂದಾ ಈರೇಶನಿಗೆ ಫೋನು ಮಾಡಿದಳು.

ಮರುದಿನ ಪಂಚಾಯ್ತಿ ಅಂಗಳದಲ್ಲಿ ಊರು ಕೂಡಿತು. ಖಾದರಬಿಯನ್ನು ಕರೆತಂದಿದ್ದರು. ನಿನ್ನೆಯವರೆಗೆ ಆಕೆಯ ಮನೆಯಲ್ಲಿ ಉಂಡವರೂ ಮುಖ ತಿರುಗಿಸಿದ್ದನ್ನು ಕಂಡು ಶಾರದವ್ವನಿಗೆ ಮೈ ಉರಿಯಿತು.

“ಇದು ಇಸಾ ಅಲ್ಲ,” ಎಂದಳು ಮಹಾನಂದಾ. “ಎಲುಬಿನಾಗ ಫಾಸ್ಫೇಟ್ ಇರ್ತದ. ಗಾಳಿ ಇಲ್ಲದ ಹಸಿ ಹೂಳಿನಾಗ ಅದಕ್ಕ ಕಬ್ಬಿಣ ಕೂಡಿದ್ರ ವಿವಿಯನೈಟ್ ಅನ್ನೂ ಅಪರೂಪದ ಖನಿಜ ಆಗ್ತದ. ಮಣ್ಣಾಗ ಇರೂತನಕ ಅದಕ್ಕ ಬಣ್ಣಿಲ್ಲ. ಗಾಳಿ, ಬೆಳಕು ತಾಕಿದ್ರ ನೀಲಿ ಆಗ್ತದ.” ಡಬ್ಬಿ ತೆರೆದಳು. ಅದರೊಳಗಿನ ಚುಕ್ಕೆಗಳು ಇನ್ನೂ ಬಿಳಿ, ಬಿಸಿಲಿಗಿಟ್ಟ ಉಂಡೆಯವು ಕಡುನೀಲಿ.

“ಕಾಲು ಬೆಳ್ಳಗ ಬಂದೂ, ಎದಿ ಮೊದಲ ನೀಲಿ ಇತ್ತು. ಅಂದ್ರ ಜೆಸಿಬಿ ಬರೂಕಿಂತ ಮೊದಲ ಯಾರೋ ಎದಿತನಕ ಅಗದು, ಮತ್ತ ಮುಚ್ಚ್ಯಾರ. ಯಾಕ? ಹೆಣಾ ತೇಲಬಾರ್ದಂತ ಎದಿಗೆ ಕಟ್ಟಿದ್ದ ಕಬ್ಬಿಣ ತಗೊಳ್ಳಾಕ. ಬರೇ ಎಲುಬು ಯಾರ ಹೆಸರೂ ಹೇಳೂದಿಲ್ಲ ಅಂತ ತಿಳಕೊಂಡ್ರು. ಕಾಲಿನ ಪಟ್ಟಿ ಅವರಿಗೆ ಗೊತ್ತಿರಲಿಲ್ಲ. ಕೀಲಿ ಇದ್ದದ್ದು ಒಬ್ಬರ ಹತ್ರ. ಅಗಿಯಾಕ ಮೊಣಕಾಲೂರಿದಾಗ ಧೋತರಕ್ಕ ಹತ್ತಿದ ಹೂಳು ಬಿಳೇದಿತ್ತು, ಹಗ್ಗದ ಮ್ಯಾಲ ನೀಲಿ ಆತು.”

“ಯಾರರ ಧೋತರಾ ನೋಡಿ ಕೊಲಿ ಅಂತೀರೇನ್ರಿ?” ಎಂದ ಶಂಕ್ರಪ್ಪ.

ಈರೇಶ ಗೋಣಿ ಬಿಚ್ಚಿದ. ಹಳೆಯ ಪಂಪಿನ ಕಬ್ಬಿಣದ ಗಾಲಿ, ಸಂದಿಯಲ್ಲೆಲ್ಲ ನೀಲಿ. “ಮುಂಜಾನೆ ನಿಮ್ಮ ಬಣವಿ ಬುಡಕ ಸಿಕ್ತರಿ. ನಿಮ್ಮ ಹೊಲದ ಇಂಜಿನ್ನಿಗೆ ಸರಿ ಕೂಡ್ತದ.”

ಶಂಕ್ರಪ್ಪ ಒಪ್ಪಿಕೊಂಡ. ಕುಡಿಯುವ ನೀರನ್ನು ಕದ್ದು ತನ್ನ ಮೆಣಸಿನ ಹೊಲಕ್ಕೆ ಹರಿಸುತ್ತಿದ್ದ, ಮಾಬುಸಾಬ ಹಿಡಿದ. “ಊರಿಗೆಲ್ಲ ಹೇಳ್ತೀನಿ ಅಂದ. ಸಲಿಕೀಲೆ ಹೊಡದೆ,” ಎಂದಷ್ಟೇ ಹೇಳಿದ.

“ಖಾದರಬಿಯವ್ರ, ನೀವು ಮನಿಗೆ ಹೋಗಬಹುದ್ರಿ,” ಎಂದ ಈರೇಶ. ಆಕೆ ಏಳಲಿಲ್ಲ. ಶಾರದವ್ವ ಹೋಗಿ ಬಾಜೂ ಕುಳಿತು ಕೈ ಹಿಡಿದಳು.

“ದಿನಾ ಅದಽ ನೀರು ಹೊತ್ತು ತಂದೇನ್ರಿ,” ಎಂದಳು ಖಾದರಬಿ. “ಮಗಳಿಗೂ ಕುಡಸೇನಿ. ಬ್ಯಾಸಿಗಿ ಬಂದಾಗೊಮ್ಮೆ ದುವಾ ಮಾಡೇನ್ರಿ, ಈ ಕೆರಿ ಯಾವತ್ತೂ ಬತ್ತಬಾರ್ದು ಅಂತ.”