ಪಕ್ಕದ ಮಂಚದ ಹೆಂಗಸು

ಶರಾವತಿ ಸೇತುವೆಯ ಮೇಲೆ ಅವನು ಮೊದಲ ಸಲ ತಾಗಿಸಿದ.

ಜೋರಾಗೇನಲ್ಲ. ಬಿಳಿ ಕಾರಿನ ಬಂಪರ್ ನನ್ನ ಸ್ಕೂಟರಿನ ಹಿಂಬದಿಯನ್ನು ಮುಟ್ಟಿತು, ಅಷ್ಟೆ. ಬೆಕ್ಕು ಇಲಿಯನ್ನು ಮುಟ್ಟಿ ನೋಡುವ ಹಾಗೆ.

ಎಡಕ್ಕೆ ಕಟ್ಟೆ. ಕಟ್ಟೆಯಾಚೆ ನದಿ. ಬಲಕ್ಕೆ ಒಂದು ಗ್ಯಾಸ್ ಟ್ಯಾಂಕರ್.

ನನ್ನ ಹಿಂದೆ ಕೂತವಳು ಪ್ರಿಯಂವದಾ. ಕುಮಟಾದವಳು, ಬ್ಯಾಂಕ್ ಆಫೀಸರ್. ಒಂದು ಕೈ ನನ್ನ ಭುಜದ ಮೇಲೆ, ಇನ್ನೊಂದು ಕೈ ತನ್ನ ಹೊಟ್ಟೆಯ ಮೇಲೆ. ಆ ಹೊಟ್ಟೆಯ ಮೇಲೆ ಈ ಸೊಂಟದಿಂದ ಆ ಸೊಂಟದವರೆಗೆ ಹೊಲಿಗೆಯ ಗೆರೆ. ಇನ್ನೂ ಮಾಗಿರಲಿಲ್ಲ.

"ನಾಗಕ್ಕ, ನಿಲ್ಲಿಸಿ ಬಿಡಿ. ನಾನೇ ಇಳಿದು ಅವನ ಹತ್ರ ಮಾತಾಡ್ತೆ."

"ಸೇತುವೆ ಮೇಲೆ ಮಾತಾಡೂಕೆ ಬಂದವ ಅಲ್ಲ ಅವ. ಗಟ್ಟಿ ಹಿಡ್ಕಳಿ."

ಎಕ್ಸಿಲೇಟರ್ ತಿರುಗಿಸಿದೆ. ಮುದುಕ ಸ್ಕೂಟರ್... ನರಳಿತು, ಆದರೆ ಓಡಿತು!

ನಾನು ಯಾರು ಅಂತ ಹೇಳಿಬಿಡುತ್ತೇನೆ. ನಾಗಿ. ಮೊದಲು ಪೊಲೀಸ್ ಕಾನ್‌ಸ್ಟೇಬಲ್. ಈಗ ಹೊನ್ನಾವರ ಬಸ್‌ಸ್ಟ್ಯಾಂಡಿನ ಎದುರು, ಬೇಕರಿಯ ಮೇಲಿನ ಕೋಣೆಯಲ್ಲಿ ನನ್ನದೇ ಬೋರ್ಡು. ಡಿಟೆಕ್ಟಿವ್ ಅಂತ ಬರೆಸಿದ್ದೇನೆ. ನಿಜವಾಗಿ ಮಾಡುವುದು ಮದುವೆ ಗಂಡುಗಳ ವಿಚಾರಣೆ. ಕುಡಿಯುತ್ತಾನಾ, ಸಾಲ ಇದೆಯಾ, ಇನ್ನೊಂದು ಮನೆ ಇದೆಯಾ.

ಈ ಕೇಸು ತಂದವಳು ಕಾಯ್ಕಿಣಿಯ ಸಣ್ಣಮ್ಮ. ಗದ್ದೆ ಕೆಲಸದ ಹೆಂಗಸು. ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ, ಹೊಸ್ತಿಲ ಹತ್ತಿರ ನೆಲಕ್ಕೆ ಕೂತಳು.

ಅವಳ ಮಗಳು ಕವಿತಾ ಸತ್ತಿದ್ದಳು. ಮುರ್ಡೇಶ್ವರದ ಸೀರೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು, ಮೂರು ಮಕ್ಕಳ ತಾಯಿ. ಹರ್ನಿಯಾ ಆಪರೇಷನ್ ಅಂತ ಮನೆಯಲ್ಲಿ ಹೇಳಿ ಭಟ್ಕಳದ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋಗಿದ್ದಳು. ಹರ್ನಿಯಾ ಇರಲಿಲ್ಲ. ಹೆರಿಗೆಗಳಿಂದ ಜೋತುಬಿದ್ದ ಹೊಟ್ಟೆಯನ್ನು ಕತ್ತರಿಸಿ, ಎಳೆದು, ಹೊಲಿಸಿಕೊಳ್ಳಲು ಹೋಗಿದ್ದಳು. ಹೆಣ ಮನೆಗೆ ಬಂದ ಮೇಲೇ ತಾಯಿಗೆ ಅದು ಗೊತ್ತಾದದ್ದು.

ಕ್ಲಿನಿಕ್ಕಿನ ಡಾಕ್ಟರ್ ಅನಂತಮೂರ್ತಿ ಹೇಳಿದ್ದು ಇಷ್ಟು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಬೇಡ ಅಂದರೂ ಕೇಳದೆ ಅವಳು ತಾನಾಗಿ ಎದ್ದು ಹೊರಟಳು. ದಾರಿಯಲ್ಲಿ ಏನಾಯಿತೋ ನಮಗೆ ಗೊತ್ತಿಲ್ಲ.

ಊರೂ ಅದನ್ನೇ ಹೇಳಿತು. ಶೋಕಿ ಮಾಡಲು ಹೋಗಿ ಸತ್ತಳು, ಅಂತ.

ಸಣ್ಣಮ್ಮನ ಹತ್ತಿರ ಇದ್ದದ್ದು ಒಂದೇ ಸುಳಿವು. ಕವಿತಾ ಕೊನೆಯ ಸಲ ಫೋನ್ ಮಾಡಿದಾಗ, ಪಕ್ಕದ ಮಂಚದಲ್ಲಿ ಕುಮಟಾದ ಬ್ಯಾಂಕಿನ ಅಮ್ಮ ಇದ್ದಾರೆ, ಅವಳಿ ಮಕ್ಕಳ ತಾಯಿ, ತುಂಬಾ ಒಳ್ಳೆಯವರು ಅಂದಿದ್ದಳಂತೆ.

ಅವಳಿ ಮಕ್ಕಳು, ಬ್ಯಾಂಕು, ರಜೆ. ಹುಡುಕುವುದು ಕಷ್ಟವಾಗಲಿಲ್ಲ. ಬಾಯಿ ಬಿಡಿಸುವುದು ಕಷ್ಟವಾಯಿತು.

ಪ್ರಿಯಂವದಾ ಬಾಗಿಲಲ್ಲೇ ನಿಂತು, ನಾನು ಭಟ್ಕಳಕ್ಕೆ ಹೋಗಿಯೇ ಇಲ್ಲ ಅಂದಳು. ಒಳಗೆ ಅತ್ತೆ ನರ್ಮದಾ ತೆಂಗಿನಕಾಯಿ ತುರಿಯುತ್ತಿದ್ದರು. ಸೊಸೆಗೆ ಹರ್ನಿಯಾ ಆಪರೇಷನ್ ಆಗಿದೆ, ಹೆಚ್ಚು ಹೊತ್ತು ನಿಲ್ಲಿಸಬೇಡಿ ಅಂತ ಅಲ್ಲಿಂದಲೇ ಹೇಳಿದರು.

ಎರಡು ಮನೆ. ಒಂದೇ ಸುಳ್ಳು.

ಮೂರನೆಯ ದಿನ ಅವಳೇ ಫೋನ್ ಮಾಡಿದಳು. ಅವಳ ಮೊಬೈಲಿಗೆ ಒಂದು ಫೋಟೋ ಬಂದಿತ್ತು, ಆಪರೇಷನ್‌ಗೆ ಮುಂಚೆ ಕ್ಲಿನಿಕ್ಕಿನಲ್ಲಿ ತೆಗೆದದ್ದು. ಬಟ್ಟೆ ಇಲ್ಲ. ಮುಖ ಮುಚ್ಚಿಲ್ಲ. ಕೆಳಗೆ ಒಂದು ಸಾಲು. ನೀವು ಸುಮ್ಮನಿದ್ದರೆ ಇದೂ ಸುಮ್ಮನಿರುತ್ತದೆ.

ಕಳಿಸಿದವನು ಲೋಕೇಶ. ಕ್ಲಿನಿಕ್ಕಿನ ಮ್ಯಾನೇಜರ್. ನಾನು ಅವಳ ಮನೆಗೆ ಹೋದದ್ದು ಅವನಿಗೆ ಗೊತ್ತಾಗಿತ್ತು.

"ಎಂತ ಮಾಡ್ತ್ರಿ?" ಕೇಳಿದೆ.

"ಸುಮ್ಮನಿರ್ತಿದ್ದೆ, ನಾಗಕ್ಕ. ನಿಜ ಹೇಳ್ತೆ. ಆದ್ರೆ ಪಕ್ಕದ ಮಂಚದ ಆ ಹುಡುಗಿ ನರ್ಸಿಗೆ ಬೆಲ್ ಒತ್ತಿದ್ದು ಕೇಳ್ತಾ ಇರ್ತದೆ. ಮಿಕ್ಸಿ ಹಾಕಿದ್ರೂ ಕೇಳ್ತದೆ."

ಭಟ್ಕಳದ ಡಿವೈಎಸ್ಪಿ ಆಫೀಸಿನಲ್ಲಿ ಹೇಳಿಕೆ ಕೊಡುವುದು ಅಂತಾಯಿತು. ಕುಮಟಾದಿಂದ ಬಸ್ಸಿನಲ್ಲಿ ಹೊರಟೆವು. ಹೊನ್ನಾವರದಲ್ಲಿ ಬಸ್ಸು ನಿಂತಾಗ ಕಿಟಕಿಯಾಚೆ ಲೋಕೇಶ ಕಂಡ. ಬಿಳಿ ಕಾರಿಗೆ ಒರಗಿ, ಬಸ್ಸುಗಳ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದ. ನಾವು ಹೊರಟ ಸುದ್ದಿ ಹೇಗೋ ಅವನಿಗೆ ಮುಟ್ಟಿತ್ತು. ಅವಳನ್ನು ಇಳಿಸಿಕೊಂಡು ಬೇಕರಿಯ ಹಿಂದಿನಿಂದ ನನ್ನ ಸ್ಕೂಟರ್ ತೆಗೆದೆ.

ಆದರೂ ಕಂಡುಬಿಟ್ಟ.

ಎರಡನೆಯ ಸಲ ಜೋರಾಗಿಯೇ ತಾಗಿಸಿದ! ಸ್ಕೂಟರ್ ಹಾವಿನಂತೆ ಹೊರಳಿತು. ಮೊಣಕೈ ಕಟ್ಟೆಗೆ ಉಜ್ಜಿ ಚರ್ಮ ಕಿತ್ತುಬಂತು. ಪ್ರಿಯಂವದಾ ಕೂಗಲಿಲ್ಲ. ಬರೇ ಉಸಿರು ಎಳೆದುಕೊಂಡಳು.

ಸೇತುವೆ ಮುಗಿಯಿತು. ಆಚೆ ದಡದ ಕಾಸರಕೋಡು. ಬಂದರಿನ ಕಡೆಗೆ ಗಕ್ಕನೆ ತಿರುಗಿಸಿದೆ.

ಕಿರಿದಾದ ಓಣಿ. ಮುಂದೆ ಐಸ್ ತುಂಬಿಕೊಂಡ ಮೀನಿನ ಲಾರಿ. ಪಕ್ಕದಲ್ಲಿ ಬುಟ್ಟಿಗಳ ಸಾಲು. ಲಾರಿಗೂ ಗೋಡೆಗೂ ನಡುವೆ ಒಂದು ಸ್ಕೂಟರಿನಷ್ಟೇ ಜಾಗ.

ನುಗ್ಗಿಸಿದೆ.

ಹಿಂದಿನಿಂದ ಬ್ರೇಕಿನ ಕಿರುಚು. ಆಮೇಲೆ ಬುಟ್ಟಿಗಳು ಮುರಿದ ಸದ್ದು. ಆಮೇಲೆ ಕೊಂಕಣಿಯಲ್ಲಿ ಬೈಗುಳ... ಒಬ್ಬಳಲ್ಲ, ಇಡೀ ಓಣಿಯ ಹೆಂಗಸರು. ಲೋಕೇಶ ಅಲ್ಲಿಂದ ಬೇಗ ಹೊರಡುವ ಹಾಗಿರಲಿಲ್ಲ.

ಮಂಕಿ ಊರು ದಾಟಿದ ಮೇಲೆ ನನ್ನ ಬೆನ್ನಿಗೆ ಏನೋ ಒದ್ದೆ ತಾಗಿತು. ಅವಳ ಕುರ್ತಾದ ಮುಂಭಾಗದಲ್ಲಿ ರಕ್ತ.

ಸಣ್ಣಮ್ಮನನ್ನು ಕರೆದುಕೊಳ್ಳಲು ಹೇಗೂ ಕಾಯ್ಕಿಣಿಗೆ ಹೋಗಬೇಕಿತ್ತು. ಸಣ್ಣಮ್ಮ ಏನನ್ನೂ ಕೇಳಲಿಲ್ಲ. ಪ್ರಿಯಂವದಾಳನ್ನು ಚಾಪೆಯ ಮೇಲೆ ಮಲಗಿಸಿ, ಹೊಟ್ಟೆಗೆ ಬಿಗಿದಿದ್ದ ಆಪರೇಷನ್ ಬೆಲ್ಟು ಸಡಿಲಿಸಿ, ಒಗೆದ ಹಳೆಯ ಪಂಚೆಯನ್ನು ಮಡಚಿ ಒತ್ತಿ ಹಿಡಿದಳು. ಹೊಲಿಗೆ ಒಂದು ಮೂಲೆಯಲ್ಲಿ ಬಿಟ್ಟಿತ್ತು. ಹೊಟ್ಟೆ ಮಾತ್ರ ಹಲಗೆಯಂತೆ ಸಪಾಟಾಗಿತ್ತು.

ಕವಿತಾಳ ಕಿರಿಯ ಮಗಳು ಕಂಬ ಹಿಡಿದು ನೋಡುತ್ತಿತ್ತು.

"ತಾನಾಗೇ ಎದ್ದು ಹೋದ್ಳಂತೆ," ಸಣ್ಣಮ್ಮ ಅಂದಳು. "ಹೌದನಾ, ಅಮ್ಮ?"

"ಇಲ್ಲ." ಪ್ರಿಯಂವದಾ ಅವಳ ಕೈ ಹಿಡಿದಳು. "ಏಳಲೇ ಇಲ್ಲ. ಉಸಿರು ಸಿಕ್ಕುದಿಲ್ಲ ಅಂದ್ಳು. ಬೆಲ್ ಒತ್ತಿದ್ಳು. ಅವಳಿಗೆ ಸಾಕಾದ ಮೇಲೆ ನಾನು ಒತ್ತಿದೆ. ಡಾಕ್ಟ್ರು ಊರಲ್ಲೇ ಇರ್ಲಿಲ್ಲ. ನರ್ಸ್ ಬಂದಾಗ ಎಲ್ಲಾ ಮುಗ್ದಿತ್ತು. ಆಮೇಲೆ ಪರದೆ ಎಳ್ದು, ಹೊತ್ಕಂಡು ಹೋಗಿ ಕಾರಿಗೆ ಹಾಕಿದ್ರು."

ಸಣ್ಣಮ್ಮನ ಕೈ ಪಂಚೆಯ ಮೇಲೆ ಹಾಗೇ ಇತ್ತು. ಒತ್ತುವುದನ್ನು ಬಿಡಲಿಲ್ಲ.

"ಅವ್ಳ ಹೊಟ್ಟೆಗೆ ಎಂತ ಆಗಿತ್ತು? ಚಂದಿತ್ತಲ್ಲ?"

ಪ್ರಿಯಂವದಾ ಇದಕ್ಕೆ ತನ್ನ ಕತೆಯನ್ನೇ ಹೇಳಿದಳು. ಅವಳಿಗಳು ಹುಟ್ಟಿ ನಾಲ್ಕು ವರ್ಷವಾದರೂ ಬಸ್ಸಿನಲ್ಲಿ ಗಂಡಸರು ಎದ್ದು ಸೀಟು ಬಿಡುತ್ತಿದ್ದರು. ಎಷ್ಟು ತಿಂಗಳು ಅಂತ ಕೇಳುತ್ತಿದ್ದರು. ಒಂದು ಉಪನಯನದಲ್ಲಿ ಯಾರೋ ಹೊಟ್ಟೆ ಮುಟ್ಟಿ, ಮತ್ತೆ ವಿಶೇಷವಾ ಅಂದರು. ಗಂಡ ಅಕ್ಷಯ ಒಂದು ಮಾತೂ ಆಡಿದವನಲ್ಲ. ಅತ್ತೆಯೂ ಆಡಿಲ್ಲ. ಯಾರಾದರೂ ಒತ್ತಾಯ ಮಾಡಿದ್ದರೆ ಅವರ ಮೇಲೆ ಹಾಕಬಹುದಿತ್ತು. ಬೇಕೆಂದದ್ದು ತಾನೇ. ಅದಕ್ಕೇ ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ.

"ಕವಿತಾನೂ ಹಾಗೇ ಹೇಳ್ತಿದ್ಳು. ಅಂಗಡಿ ಕನ್ನಡಿಯಲ್ಲಿ ದಿನಾ ಬೇರೆಯವರಿಗೆ ಸೀರೆ ಹಿಡಿದು ತೋರಿಸ್ತೆ, ಒಂದು ಸಲ ನಾನೂ ನೋಡ್ಕಳ್ಬೇಕು, ಅಂತ."

ಸಣ್ಣಮ್ಮ ಎದ್ದು ಒಳಗೆ ಹೋದಳು.

ಆಗ ಪ್ರಿಯಂವದಾ ಗಂಡನಿಗೆ ಫೋನ್ ಮಾಡಿದಳು, ತಮ್ಮ ಮನೆಮಾತಾದ ಹವ್ಯಕ ಕನ್ನಡದಲ್ಲಿ.

"ಹರ್ನಿಯಾ ಆಗಿತ್ತಿಲ್ಲೆ. ಆನು ಸುಳ್ಳು ಹೇಳಿದ್ದಿ. ಒಂದು ಫೋಟೋ ಬಂದ್ರೂ ಬಪ್ಪಲಕ್ಕು. ಭಟ್ಕಳಕ್ಕೆ ಹೋಗಿ ಬತ್ತೆ, ಆಮೇಲೆ ಮಾತಾಡನ."

ಆ ಕಡೆಯಿಂದ ಫೋನ್ ಕಟ್ಟಾಯಿತು.

ಸ್ಕೂಟರ್ ಅಲ್ಲೇ ಬಿಟ್ಟು ಮೂವರೂ ಆಟೋದಲ್ಲಿ ಹೋದೆವು. ಡಿವೈಎಸ್ಪಿ ಆಫೀಸಿನ ಗೇಟಿನಲ್ಲಿ ಲೋಕೇಶ ಆಗಲೇ ಕಾಯುತ್ತಿದ್ದ. ಪ್ಯಾಂಟಿನ ತುಂಬಾ ಮೀನಿನ ನೀರು. ಕೈಯಲ್ಲಿ ಮೊಬೈಲ್. ಗೇಟಿನ ಒಳಗೆ ಪಹರೆಯ ಕಾನ್‌ಸ್ಟೇಬಲ್ ಇದ್ದ. ಅದಕ್ಕೇ ಲೋಕೇಶನ ದನಿ ಬೆಣ್ಣೆಯಾಗಿತ್ತು.

"ಮೇಡಂ, ಡಾಕ್ಟ್ರಿಗೆ ನಿಮ್ಮ ಮೇಲೆ ಮರ್ಯಾದೆ ಇದೆ. ನಿಮ್ಮ ಗಂಡ, ಅತ್ತೆ, ಬ್ಯಾಂಕ್ ಮ್ಯಾನೇಜರ್... ಮೂರೂ ನಂಬರ್ ಹಾಕಿಟ್ಟಿದ್ದೇನೆ. ನೀವು ಒಳಗೆ ಕಾಲಿಟ್ಟರೆ ನಾನು ಬಟನ್ ಒತ್ತಬೇಕಾಗ್ತದೆ."

ನಾನು ಮುಂದೆ ಹೆಜ್ಜೆ ಇಟ್ಟೆ. ಪ್ರಿಯಂವದಾ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅವನ ಮೊಬೈಲಿನಲ್ಲಿದ್ದ ತನ್ನ ಫೋಟೋವನ್ನು ಬಗ್ಗಿ ನೋಡಿದಳು. ಹಳೆಯ ಪರಿಚಯದವರನ್ನು ನೋಡುವ ಹಾಗೆ, ನಿಧಾನವಾಗಿ.

"ಒತ್ತಿ," ಅಂದಳು. "ಇಬ್ಬರನ್ನ ಒಟ್ಟಿಗೆ ಹೊತ್ತ ಹೊಟ್ಟೆ ಅದು. ನೋಡ್ಲಿ."

ಒಳಗೆ ಕಾಲಿಟ್ಟಳು.

ಅವನು ಒತ್ತಿದ. ಸಿಟ್ಟಿಗೇ ಒತ್ತಿದ.

ಅಷ್ಟೇ ಬೇಕಿತ್ತು ನನಗೆ! ಅವನ ಮಣಿಕಟ್ಟು ಹಿಡಿದು ಹಿಂದಕ್ಕೆ ತಿರುಚಿದೆ. ಪೊಲೀಸ್ ಟ್ರೇನಿಂಗಿನಲ್ಲಿ ಕಲಿತದ್ದರಲ್ಲಿ ಮರೆಯದೆ ಉಳಿದದ್ದು ಅದೊಂದೇ. ಮೊಬೈಲ್ ಬಿತ್ತು. ಸಣ್ಣಮ್ಮ ಬಗ್ಗಿ ಅದನ್ನೆತ್ತಿ ತನ್ನ ಎಲೆಯಡಿಕೆ ಚಂಚಿಗೆ ಹಾಕಿಕೊಂಡಳು. ಕಾನ್‌ಸ್ಟೇಬಲ್ ಓಡಿಬಂದ.

"ಹೆಂಗಸಿನ ಬೆತ್ತಲೆ ಫೋಟೋ ಕಳಿಸಿದ್ದಾನೆ, ನಿಮ್ಮ ಗೇಟಲ್ಲೇ ನಿಂತು," ಅಂದೆ. "ಇನ್ನೊಂದು ಹೇಳಿಕೆ ಬರ್ಕಳಿ."

ಹೇಳಿಕೆ ಮುಗಿಯುವಾಗ ಸಂಜೆಯಾಗಿತ್ತು.

ಆಮೇಲೆ? ಎಲ್ಲಾ ಸರಿಹೋಯಿತು ಅಂದುಕೊಂಡಿರಾ? ಕ್ಲಿನಿಕ್ಕಿಗೆ ಬೀಗ ಬಿತ್ತು. ಅನಂತಮೂರ್ತಿ, ಲೋಕೇಶ ಇಬ್ಬರೂ ಜಾಮೀನಿನ ಮೇಲೆ ಹೊರಗಿದ್ದಾರೆ. ಕೇಸು ನಡೆಯುತ್ತಿದೆ... ನಮ್ಮಲ್ಲಿ ಕೇಸು ಹೇಗೆ ನಡೆಯುತ್ತದೋ ಹಾಗೆ.

ಅಕ್ಷಯ ಹೆಂಡತಿಯ ಹತ್ತಿರ ಮಾತಾಡುತ್ತಾನೆ. ಮಕ್ಕಳ ಶಾಲೆ, ಗ್ಯಾಸ್ ಬುಕಿಂಗ್. ಅಷ್ಟಕ್ಕೇ. ನರ್ಮದಮ್ಮ ಮಾತ್ರ ಆ ಫೋಟೋ ಅಳಿಸಿಹಾಕಿ ಸೊಸೆಗೆ ಒಂದೇ ಮಾತು ಹೇಳಿದರಂತೆ. "ನಾಲ್ಕು ಹೆತ್ತ ಮೇಲೆ ಎನ್ನ ಹೊಟ್ಟೆನೂ ಹಾಂಗೇ ಇತ್ತು. ಯಾರೂ ಫೋಟೋ ತೆಗದ್ವಿಲ್ಲೆ."

ಕಳೆದ ತಿಂಗಳು ಪ್ರಿಯಂವದಾ ಬೇಕರಿಯ ಕೆಳಗೆ ಸಿಕ್ಕಿದಳು. ಸೀರೆ ಉಟ್ಟಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಗಾಯ ಹೇಗಿದೆ ಅಂತ ಕೇಳಿದೆ.

"ಪೂರ್ತಿ ಗುಣ ಆಗಿದೆ, ನಾಗಕ್ಕ. ನಾನು ಬಯಸಿದ ಹಾಗೇ ಆಗಿದೆ. ಅದೇ ಬೇಜಾರು."

ಬಸ್ಸು ಬಂತು. ಹತ್ತಿ ಹೋದಳು. ಯಾರೂ ಸೀಟು ಬಿಡಲಿಲ್ಲ. ಕುಮಟಾದವರೆಗೂ ನಿಂತೇ ಹೋಗಿರಬೇಕು.

ಮೇಲೆ ಹತ್ತಿದರೆ ಫೋನ್ ಹೊಡೆದುಕೊಳ್ಳುತ್ತಿತ್ತು. ಗಂಡಿನ ಕಡೆಯವರು. ಹುಡುಗಿ ಸ್ವಲ್ಪ ದಪ್ಪ ಅಂತ ಕೇಳಿದ್ದೇವೆ, ಹೆತ್ತ ಮೇಲೆ ಇನ್ನೂ ಊದುವ ಮೈಯೋ ಏನೋ, ಅವಳ ತಾಯಿಯನ್ನೂ ಒಂದು ಸಲ ನೋಡಿಕೊಂಡು ಬನ್ನಿ ಅಂದರು.

ಮೊದಲು ಹುಡುಗನ ಸೊಂಟದ ಅಳತೆ ಕಳಿಸಿ, ಆಮೇಲೆ ಹೊರಡುತ್ತೇನೆ ಅಂದೆ.

ಆ ಕೇಸು ಬರಲಿಲ್ಲ.